ಆಡಿ ಹುಟ್ಟುವುದರೊಳಗೆ ಮನೆ ಖಾಲಿ

ಬಾಡಿಗೆ ಕೊಡದೆ ನಾಲ್ಕು ತಿಂಗಳಾಗಿತ್ತು. ಕೆಳಗಿನ ಮನೆಯಲ್ಲಿದ್ದ ಓನರ್ ಮಾಮ ಒಂದು ಭಾನುವಾರ ಮೆಟ್ಟಿಲು ಹತ್ತಿ ಬಂದು, ಆಡಿ ತಿಂಗಳು ಹುಟ್ಟುವುದರೊಳಗೆ ಮನೆ ಖಾಲಿ ಮಾಡಿಬಿಡಿ ಎಂದು ಮೆತ್ತಗೆ ಹೇಳಿ, ಅಷ್ಟೇ ಮೆತ್ತಗೆ ಇಳಿದುಹೋದರು. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಮೆತ್ತಗೆ ಮಾತನಾಡುವವರ ಹತ್ತಿರ ಜಗಳ ಆಡುವುದು ನನಗೆ ಇವತ್ತಿಗೂ ಬರುವುದಿಲ್ಲ. ಆ ಸಿಟ್ಟು ಒಳಗೇ ಉಳಿದು ಎರಡು ದಿನ ಸಾರಿಗೆ ಉಪ್ಪು ಜಾಸ್ತಿಯಾಯಿತು.

ತೊಂಬತ್ತರ ದಶಕ ಇನ್ನೂ ಮುಗಿದಿರಲಿಲ್ಲ. ಊರಿನ ಹೆಸರು ಚೆನ್ನೈ ಎಂದು ಬದಲಾಗಿತ್ತಾದರೂ ನಮ್ಮ ಬಾಯಲ್ಲಿ ಅದು ಮದ್ರಾಸಾಗಿಯೇ ಇತ್ತು. ನಾವು ಮೈಸೂರಿನವರು, ನಾನು, ನನ್ನ ಗಂಡ, ನಮ್ಮ ಅತ್ತೆ, ಮತ್ತು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವ ಮಗಳು. ಕ್ರೋಂಪೇಟೆಯಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ. ನನ್ನ ಗಂಡ ಗಿಂಡಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪಂಪುಗಳಿಗೆ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಕಾರ್ಖಾನೆಗೆ ಆರ್ಡರ್ ನಿಂತಿತ್ತು, ಆಮೇಲೆ ಸಂಬಳ ನಿಂತಿತು, ಗೇಟು ಮಾತ್ರ ದಿನಾ ತೆರೆಯುತ್ತಿತ್ತು. ಆಯುಧ ಪೂಜೆ ಹೊತ್ತಿಗೆ ಎಲ್ಲ ಸರಿಹೋಗುತ್ತದೆ ಎಂದು ಮಾಲೀಕರು ಹೇಳಿದ್ದರಂತೆ. ಅದನ್ನು ನಂಬಿ ಇವರು ದಿನವೂ ಟಿಫಿನ್ ಕ್ಯಾರಿಯರ್ ಹಿಡಿದು ಲೋಕಲ್ ಟ್ರೈನ್ ಹತ್ತಿ ಹೋಗುತ್ತಿದ್ದರು, ಸಹಿ ಹಾಕಿ ಸಂಜೆಯವರೆಗೆ ಕೂತು ಬರುತ್ತಿದ್ದರು. ಆ ದಿನಗಳಲ್ಲಿ ಆ ಕಾರ್ಖಾನೆಯಲ್ಲಿ ನಿಯತ್ತಾಗಿ ಖಾಲಿಯಾಗುತ್ತಿದ್ದದ್ದು ನಾನು ಕಟ್ಟಿಕೊಟ್ಟ ಮೊಸರನ್ನ ಒಂದೇ. ನನ್ನ ಬಳೆಗಳು ಆಗಲೇ ಸೌಕಾರ್‌ಪೇಟೆಯ ಸೇಟುವಿನ ಬೀರು ಸೇರಿಕೊಂಡಿದ್ದವು. ಅವು ಹೋದದ್ದು ಬಾಡಿಗೆಗಲ್ಲ, ಮಗಳ ಸ್ಕೂಲಿನ ಫೀಸಿಗೆ.

ಮನೆ ಬಿಟ್ಟರೆ ಹೋಗುವುದೆಲ್ಲಿಗೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿತ್ತು: ಮೈಸೂರಿನ ಭಾವನವರ ಮನೆ. ಭಾವನವರ ಮನೆ ಎಂದರೆ ನನ್ನ ವಾರಗಿತ್ತಿಯ ಮನೆ, ವಾರಗಿತ್ತಿಯ ಮನೆ ಎಂದರೆ ವಾರಗಿತ್ತಿಯ ಅಡುಗೆಮನೆ. ಅಲ್ಲಿ ಒಗ್ಗರಣೆಗೆ ಸಾಸಿವೆ ಹಾಕಬೇಕಾದರೂ ಅವಳ ಮುಖ ನೋಡಬೇಕು. ಎಣ್ಣೆಯ ಡಬ್ಬಿಯನ್ನು ಅವಳು ದೇವರಮನೆಯಲ್ಲಿ ಇಡುತ್ತಾಳೆ, ಮಡಿ ಎಂಬ ನೆಪದಲ್ಲಿ. ನಮ್ಮ ಅತ್ತೆ ಅವಳ ಜೊತೆ ಆರು ವರ್ಷ ಇದ್ದು, ಒಂದು ತಿಂಗಳು ಇದ್ದು ಬರುತ್ತೇನೆ ಎಂದು ಮದ್ರಾಸಿಗೆ ಬಂದವರು ಏಳು ವರ್ಷವಾದರೂ ವಾಪಸು ಹೋಗುವ ಮಾತೆತ್ತಿರಲಿಲ್ಲ. ನಾನೂ ಅತ್ತೆಯೂ ಬೇರೆ ಯಾವ ವಿಷಯದಲ್ಲಿ ಕಚ್ಚಾಡಿದರೂ ಈ ಒಂದು ವಿಷಯದಲ್ಲಿ ಒಂದೇ ಪಕ್ಷ. ನನಗೆ ನನ್ನ ಅಡುಗೆಮನೆ ಬೇಕಿತ್ತು. ಅದು ಎಷ್ಟು ಸಣ್ಣದಾದರೂ ಸರಿ, ಅದರ ಬಾಗಿಲಲ್ಲಿ ನಿಂತು ಬೇರೆ ಯಾರೂ ನನ್ನ ಕೈ ನೋಡಬಾರದು.

ಆಡಿ ಎಂದರೆ ತಮಿಳರ ಆಷಾಢ. ಜುಲೈ ನಡುವಿನಲ್ಲಿ ಹುಟ್ಟುತ್ತದೆ. ಹುಟ್ಟಿದ ಮೇಲೆ ಒಂದು ತಿಂಗಳು ಅಲ್ಲಿ ಯಾರೂ ಹೊಸ ಮನೆಗೆ ಕಾಲಿಡುವುದಿಲ್ಲ. ಹಾಗಾಗಿ ಮಾಮನಿಗೆ ಅವಸರ: ಆಡಿಗೆ ಮೊದಲು ನಾವು ಹೋಗಬೇಕು, ಆಡಿಗೆ ಮೊದಲೇ ಇನ್ನೊಬ್ಬರು ಬರಬೇಕು, ಇಲ್ಲದಿದ್ದರೆ ಮನೆ ಒಂದು ತಿಂಗಳು ಬೀಗ ಹಾಕಿಕೊಂಡು ಕೂರುತ್ತದೆ. ನಮ್ಮ ಪಂಚಾಂಗದ ಆಷಾಢವಾದರೋ ಆಗಲೇ ಶುರುವಾಗಿತ್ತು. ಅತ್ತೆ ಮೊದಲು ಹಿಡಿದದ್ದು ಅದನ್ನೇ. ಆಷಾಢದಲ್ಲಿ ಯಾರಾದರೂ ಮನೆ ಬಿಡುತ್ತಾರೆಯೇ, ಹೋಗಿ ಹೇಳು ಎಂದು ನನ್ನನ್ನು ಕೆಳಗೆ ಕಳಿಸಿದರು. ನಾನು ಹೋಗಿ ಹೇಳಿದೆ. ಮಾಮ ರೈಲ್ವೆಯ ಆಡಿಟ್ ವಿಭಾಗದಿಂದ ರಿಟೈರ್ ಆದವರು. ಎದ್ದು ಹೋಗಿ ಕನ್ನಡಕ ತಂದು, ತಮ್ಮ ಪಂಚಾಂಗ ತೆರೆದು, ಇನ್ನೂ ಆಡಿಗೆ ಹಿಂದಿನ ಆನಿ ತಿಂಗಳು ನಡೆಯುತ್ತಿದೆ ಎಂದು ಬೆರಳಿಟ್ಟು ತೋರಿಸಿದರು. ನಮಗೆ ನಮ್ಮ ತಿಂಗಳು ಎಂದೆ. ಅವರು ಸ್ವಲ್ಪ ಯೋಚಿಸಿ, ಮನೆ ನಮ್ಮದು, ಆದ್ದರಿಂದ ಮನೆಯ ತಿಂಗಳೂ ನಮ್ಮದೇ ಎಂದರು. ಅವರ ಹೆಂಡತಿ, ನಾವೆಲ್ಲ ಮಾಮಿ ಎನ್ನುತ್ತಿದ್ದ ಹೆಂಗಸು, ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರೇ ಹೊರತು ಒಂದು ಮಾತೂ ಆಡಲಿಲ್ಲ. ಆ ಮನೆಯಲ್ಲಿ ಮಾಮ ಮಾತಾಡುತ್ತಿದ್ದರು, ತೀರ್ಮಾನ ಮಾಮಿಯದಾಗಿರುತ್ತಿತ್ತು.

ಸಹಾಯ ಹುಡುಕಿಕೊಂಡು ಹೊರಟೆವು. ಮೊದಲು ಹೋದದ್ದು ಇವರ ದೊಡ್ಡಪ್ಪನ ಮಗನ ಮನೆಗೆ. ಅವರು ಬ್ಯಾಂಕಿನಲ್ಲಿ ಆಫೀಸರು. ಫ್ಯಾನಿನ ಕೆಳಗೆ ಕೂರಿಸಿ, ಮೈಸೂರು ಪಾಕು ಕೊಟ್ಟು, ಬಾಡಿಗೆ ಕೊಡುವುದೇ ದೊಡ್ಡ ದಂಡ, ಮದ್ರಾಸಿನಲ್ಲಿ ಬುದ್ಧಿ ಇರುವವರು ಫ್ಲಾಟ್ ತೆಗೆದುಕೊಳ್ಳುತ್ತಾರೆ ಎಂದು ಮುಕ್ಕಾಲು ಗಂಟೆ ಉಪದೇಶ ಮಾಡಿದರು. ಬಾಡಿಗೆ ಕೊಡುವುದು ದಂಡ ಎಂಬ ಅಭಿಪ್ರಾಯಕ್ಕೆ ನಾವು ನಾಲ್ಕು ತಿಂಗಳಿಂದ ನಡೆದುಕೊಂಡೇ ಬೆಂಬಲ ಕೊಟ್ಟಿದ್ದೇವೆ ಎಂದು ಹೇಳಲು ಬಾಯಿ ತುರಿಸಿತು. ಇವರು ಕಾಲು ತುಳಿದರು. ಬರುವಾಗ ಅವರ ಹೆಂಡತಿ ನನಗೆ ಅರಿಶಿನ ಕುಂಕುಮದ ಜೊತೆ ರವಿಕೆ ಬಟ್ಟೆ ಕೊಟ್ಟರು. ನಾವು ಬಂದ ಕೆಲಸದ ಮಾತು ಮಾತ್ರ ಎಲ್ಲಿಯೂ ಬರಲಿಲ್ಲ.

ಆಮೇಲೆ ಕನ್ನಡ ಸಂಘ. ಅಲ್ಲಿನ ಕಾರ್ಯದರ್ಶಿಗಳು ನಮ್ಮ ಕಷ್ಟವನ್ನು ಕಣ್ಣು ಒದ್ದೆ ಮಾಡಿಕೊಂಡು ಕೇಳಿದರು. ಕೇಳಿ ಮುಗಿದ ಮೇಲೆ, ನಿಮ್ಮ ಧ್ವನಿ ಚೆನ್ನಾಗಿದೆ, ರಾಜ್ಯೋತ್ಸವದ ಸಮೂಹಗಾನಕ್ಕೆ ಹೆಂಗಸರು ಸಾಲದಾಗಿದ್ದಾರೆ, ಬುಧವಾರದಿಂದ ಪ್ರಾಕ್ಟೀಸಿಗೆ ಬನ್ನಿ ಎಂದರು. ಮನೆಯಿಲ್ಲದೆ ಬೀದಿಗೆ ಬಿದ್ದರೂ ಹಾಡಿಕೊಂಡಿರಬಹುದು ಎಂಬ ಧೈರ್ಯ ಬಂತು. ಪಾಪ, ಒಬ್ಬ ವಕೀಲರ ವಿಳಾಸವನ್ನೂ ಕೊಟ್ಟರು, ಹಾಗಾಗಿ ಅವರ ಮೇಲೆ ನನಗೆ ಕೋಪವಿಲ್ಲ.

ವಕೀಲರ ಸಲಹೆ ಸರಳವಾಗಿತ್ತು. ಏನೂ ಮಾಡಬೇಡಿ, ಓನರ್ ಕೇಸು ಹಾಕಲಿ, ನಾನು ವಾಯಿದೆ ತೆಗೆದುಕೊಳ್ಳುತ್ತಾ ಹೋಗುತ್ತೇನೆ, ನಿಮ್ಮ ಮಗಳ ಮದುವೆಯ ಚಪ್ಪರವನ್ನು ಅದೇ ಮನೆಯ ಮುಂದೆ ಹಾಕಬಹುದು ಎಂದರು. ಮಗಳು ಆಗ ನಾಲ್ಕನೇ ಕ್ಲಾಸು. ಸುಳ್ಳು ಯಾಕೆ ಹೇಳಲಿ, ನನಗೆ ಆಸೆಯಾಯಿತು. ಇವರ ಮುಖ ಮಾತ್ರ ಬಿಳಿಚಿಕೊಂಡಿತು. ವರ್ಷ ವರ್ಷ ನವರಾತ್ರಿಗೆ ಅವರ ಮನೆಯ ಕಡಲೆಕಾಳಿನ ಸುಂಡಲ್ ತಿಂದಿದ್ದೇವೆ, ಅವರನ್ನು ಕೋರ್ಟಿಗೆ ಎಳೆಯುವುದು ನನ್ನಿಂದ ಆಗುವುದಿಲ್ಲ ಎಂದು ಮೆಟ್ಟಿಲಿಳಿದರು. ಹೇಗೂ ವಕೀಲರ ಫೀಸು ಕೊಡುವಷ್ಟು ದುಡ್ಡಿದ್ದರೆ ನಾವು ಅದನ್ನು ಮಾಮನಿಗೇ ಕೊಟ್ಟು ಮಲಗುತ್ತಿದ್ದೆವು.

ಅಡ್ವಾನ್ಸ್ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಮನೆಗೆ ಬರುವಾಗ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟಿದ್ದೆವು, ಎಲ್ಲರೂ ಕೊಡುವ ಹಾಗೆ. ಆದರೆ ಆ ಊರಿನಲ್ಲಿ ಅಡ್ವಾನ್ಸಿನಲ್ಲಿ ಕಳೆದುಕೊಳ್ಳಿ ಎಂದರೆ ನಾವು ಹೊರಟೆವು ಎಂದೇ ಅರ್ಥ. ಬಾಯಿಬಿಟ್ಟು ಹಾಗೆ ಹೇಳಿದ ಬಾಡಿಗೆದಾರನ ಮನೆಗೆ ಮರುದಿನವೇ ಬಣ್ಣ ಬಳಿಯುವವನು ಅಳತೆ ತೆಗೆದುಕೊಳ್ಳಲು ಬರುತ್ತಾನೆ. ಅದಕ್ಕೇ ನಾವು ಆ ಮಾತನ್ನು ಬಾಯಲ್ಲೇ ಇಟ್ಟುಕೊಂಡಿದ್ದೆವು.

ಅಷ್ಟರಲ್ಲಿ ಗೇಟಿಗೆ ಟು ಲೆಟ್ ಬೋರ್ಡು ಬಂತು. ನಾವು ಒಳಗೆ ಇರುವಾಗಲೇ ನಮ್ಮ ಮನೆ ನೋಡಲು ಜನ ಬರತೊಡಗಿದರು. ನಾನು ಕೆಟ್ಟವಳಲ್ಲ. ಬಂದವರಿಗೆ ಬಾಗಿಲು ತೆರೆದು, ಚಾಪೆ ಹಾಸಿ, ಕೋಣೆ ಕೋಣೆ ತೋರಿಸಿದೆ. ಮನೆಯ ಮೇಲೆ ಒಂದೇ ಒಂದು ಸುಳ್ಳು ಆಪಾದನೆ ಮಾಡಲಿಲ್ಲ. ಕೊನೆಯಲ್ಲಿ ಒಂದು ಲೋಟ ನೀರು ಕೊಟ್ಟೆ, ಅಷ್ಟೇ.

ಕ್ರೋಂಪೇಟೆಯ ಬೋರ್‌ವೆಲ್ ನೀರು ಕುಡಿದವರಿಗೆ ಗೊತ್ತು. ತೊಗಲು ಹದಮಾಡುವ ಕಡೆ, ನೆಲದೊಳಗಿನ ನೀರಿಗೆ ಅದರದೇ ರುಚಿ. ಉಪ್ಪು ಎಂದರೆ ಉಪ್ಪಲ್ಲ, ಕಹಿ ಎಂದರೆ ಕಹಿಯೂ ಅಲ್ಲ, ಒಗೆದ ಬಿಳಿ ಬಟ್ಟೆಯನ್ನು ತಿಂಗಳೊಳಗೆ ಹಳದಿ ಮಾಡುವಂಥದ್ದು. ಕುಡಿಯಲು ನಾವೆಲ್ಲ ಲಾರಿಯ ನೀರನ್ನು ಬಿಂದಿಗೆ ಲೆಕ್ಕದಲ್ಲಿ ಕೊಳ್ಳುತ್ತಿದ್ದೆವು. ಆ ನೀರನ್ನು ಬಂದವರಿಗೆಲ್ಲ ಹಂಚಲು ಸಾಧ್ಯವೇ? ನಲ್ಲಿಯಿಂದ ಹಿಡಿದು ಕೊಟ್ಟೆ. ಮನೆ ನೋಡಲು ಬಂದ ಬ್ಯಾಂಕಿನವರೊಬ್ಬರು ನಡುಮನೆಯನ್ನು ಹೆಜ್ಜೆಯಲ್ಲಿ ಅಳೆದು, ಸೋಫಾ ಎಲ್ಲಿ ಇಡುವುದೆಂದು ತೀರ್ಮಾನಿಸಿ, ಒಂದು ಗುಟುಕು ಕುಡಿದವರು ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣು ಕಣ್ಣು ಬಿಟ್ಟರು. ಸೋಫಾ ಬರಲಿಲ್ಲ.

ನನ್ನ ಈ ಏರ್ಪಾಡನ್ನು ಕೆಡಿಸಿದವರು ನಮ್ಮ ಅತ್ತೆ. ಹೊರಗಿನಿಂದ ಬಂದವರಿಗೆ ನೀರು ಬೆಲ್ಲ ಕೊಡುವುದು ಅವರ ಹುಟ್ಟುಗುಣ. ನಾನು ತರಕಾರಿಗೆ ಹೋಗಿದ್ದಾಗ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿತ್ತು. ಅತ್ತೆ ಅವರಿಗೆ ಲಾರಿಯ ನೀರನ್ನು ತುಂಬಿ ಕೊಟ್ಟು, ಬೆಲ್ಲದ ಅಚ್ಚು ಇಟ್ಟು, ಮಕ್ಕಳಾಗಲಿ ಎಂದು ಹರಸಿ ಕಳಿಸಿದ್ದರು. ನಾನು ಗೇಟಿನ ಹತ್ತಿರ ಬರುವಾಗ ಆ ಹುಡುಗಿ, ನೀರು ಎಷ್ಟು ಸಿಹಿ ಅಲ್ವಾ ಎಂದು ಗಂಡನಿಗೆ ತಮಿಳಿನಲ್ಲಿ ಹೇಳುತ್ತಾ ಮಾಮನ ಮನೆಯ ಬೆಲ್ ಒತ್ತುತ್ತಿದ್ದಳು. ಪುಣ್ಯಕ್ಕೆ ಹುಡುಗನ ಅಪ್ಪ ಜಾತಕದ ದಿಕ್ಕು ನೋಡಿ ಉತ್ತರದ ಬಾಗಿಲು ಆಗದು ಎಂದರಂತೆ.

ಮೇಲೆ ಬಂದು ಅತ್ತೆಯ ಮೇಲೆ ಹಾರಾಡಿದೆ. ಅವರೂ ಬಿಡಲಿಲ್ಲ.

"ಬಂದೋರ್ಗೆ ಬಾಯಿಗಿಡಕ್ಕಾಗ್ದಿರೋ ನೀರು ಕೊಡ್ತೀಯಲ್ಲೇ, ನಿಂಗೆ ಮನಸ್ಸಾದ್ರೂ ಹೆಂಗೆ ಬರತ್ತೆ?"

"ಅತ್ತೆ, ನಿಮಗೆ ಮೈಸೂರು ಬೇಕೋ, ಈ ಮನೆ ಬೇಕೋ, ಹೇಳಿಬಿಡಿ," ಎಂದೆ.

ಹಿರಿಸೊಸೆಯ ದೇವರಮನೆಯ ಎಣ್ಣೆಡಬ್ಬಿ ಅವರ ಕಣ್ಣ ಮುಂದೆ ಬಂದಿರಬೇಕು. ಮರುದಿನ ಬಂದವರಿಗೆ ಅವರೇ ನಲ್ಲಿಯ ನೀರು ತಂದುಕೊಟ್ಟರು. ಬೆಲ್ಲ ಮಾತ್ರ ಎರಡು ಅಚ್ಚು ಇಟ್ಟಿದ್ದರು.

ಹೀಗೆ ದಿನ ನೂಕಿ ಆನಿ ತಿಂಗಳ ಕೊನೆಯ ದಿನಕ್ಕೆ ಬಂದೆವು. ಬೆಳಗಾದರೆ ಆಡಿ. ಇವತ್ತೊಂದು ದಿನ ಯಾರೂ ಒಪ್ಪದಿದ್ದರೆ ಇನ್ನೊಂದು ತಿಂಗಳು ಉಸಿರಾಡಬಹುದು ಎಂದು ನಾನು ಲೋಟ ತೊಳೆದು ಸಿದ್ಧವಾಗಿಟ್ಟುಕೊಂಡಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಒಬ್ಬ ಹೆಂಗಸು ಬಂದಳು, ಒಬ್ಬಳೇ. ಮೂವತ್ತು ಮೂವತ್ತೆರಡು ಇರಬಹುದು. ಬಿಗಿಯಾಗಿ ಹೆಣೆದ ಜಡೆ, ಸೆರಗಿಗೆ ಪಿನ್ನು, ಹೆಗಲಿಗೆ ಬ್ಯಾಗು. ತಾಂಬರಂ ಕಡೆಯ ಒಂದು ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಹೊಲಿದ ಬಟ್ಟೆ ಚೆಕ್ ಮಾಡುವ ಕೆಲಸವಂತೆ, ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಮನೆಯನ್ನು ಅವಳು ನೋಡಲೇ ಇಲ್ಲ ಎನ್ನಬೇಕು. ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣಾಡಿಸಿ, ಚೆನ್ನಾಗಿದೆ ಅಕ್ಕಾ ಎಂದು ತಮಿಳಿನಲ್ಲಿ ಹೇಳಿ ಚಾಪೆಯ ಮೇಲೆ ಕೂತಳು.

ನೀರು ಕೊಟ್ಟೆ. ಗಟಗಟ ಕುಡಿದಳು. ಮುಖದಲ್ಲಿ ಒಂದು ಗೆರೆಯೂ ಆಚೀಚೆ ಆಗಲಿಲ್ಲ. ಇನ್ನೊಂದು ಲೋಟ ಸಿಗುತ್ತಾ ಎಂದಳು. ಅದನ್ನೂ ಕುಡಿದಳು. ಎರಡು ಬೀದಿ ಆಚೆ ಅವಳ ಮನೆ, ಅಲ್ಲಿಯೂ ಇದೇ ನೀರು. ಅವಳು ಅದನ್ನು ಕುಡಿದೇ ಬದುಕಿದ್ದಳು, ಲಾರಿಯ ನೀರು ಅವಳ ಮಗುವಿಗೆ ಮಾತ್ರ. ನನ್ನ ಅಸ್ತ್ರ ಮುಗಿದಿತ್ತು, ಲೋಟ ಹಿಡಿದು ಪೆಚ್ಚಾಗಿ ನಿಂತೆ.

ಅವಳು ಬಾಯಿ ಒರೆಸಿಕೊಂಡು ಕೇಳಿದಳು. "ಎಷ್ಟು ತಿಂಗಳ ಬಾಕಿ ಅಕ್ಕಾ?"

ಯಾರು ಹೇಳಿದರು ಎಂದೆ, ಕೋಪದಿಂದಲೇ. ಯಾರೂ ಹೇಳಬೇಕಿಲ್ಲ, ಸಂಸಾರ ಒಳಗಿರುವಾಗಲೇ ಮನೆ ತೋರಿಸುವುದು ಬಾಕಿ ಇದ್ದವರದ್ದೇ ಎಂದಳು. ಕೆಳಗಿನವರು ಅವಳಿಗೆ ಮನೆ ನೋಡಿ ಬಾ, ಒಪ್ಪಿಗೆಯಾದರೆ ಪೂರ್ತಿ ಅಡ್ವಾನ್ಸು ಇವತ್ತು ಸಂಜೆಯೊಳಗೇ ಕೈಗೆ ಕೊಡಬೇಕು ಎಂದಿದ್ದರಂತೆ. ಅಷ್ಟು ಅವಸರ ಯಾಕೆ? ನಮ್ಮ ಅಡ್ವಾನ್ಸು ಅವರ ಕೈಯಲ್ಲಿಲ್ಲ, ಅದಕ್ಕೆ. ಇವಳದನ್ನು ಇಸಕೊಂಡು ನಮ್ಮದರಲ್ಲಿ ಬಾಕಿ ಮುರಿದು ಮಿಕ್ಕದ್ದನ್ನು ನಮಗೆ ಕೊಟ್ಟು ಕಳಿಸಬೇಕು. ನಾನು ಅಲ್ಲಿಯೇ ಕೂತುಬಿಟ್ಟೆ. ಮೂರು ವಾರದಿಂದ ನಾವು ಮಾಮನಿಗೆ ಹೆದರಿ ಸಾಯುತ್ತಿದ್ದೆವು, ಮಾಮ ಹೊಸ ಬಾಡಿಗೆದಾರ ಸಿಗದಿದ್ದರೆ ನಮಗೇನು ಕೊಡುವುದೆಂದು ಹೆದರಿ ಸಾಯುತ್ತಿದ್ದರು. ಅವರನ್ನು ಅಷ್ಟು ಹೆದರಿಸಿದ್ದು ನನ್ನ ನೀರು ಎಂದು ಗೊತ್ತಾಗಿ ನನಗೆ ಒಳಗೊಳಗೇ ಖುಷಿಯೂ ಆಯಿತು.

ಅವಳ ಕಥೆ ನಮ್ಮದಕ್ಕಿಂತ ಚಿಕ್ಕದು. ಅವಳಿದ್ದ ಮನೆಯ ಓನರಿನ ಮಗ ಸಂಸಾರ ಸಮೇತ ಬರುತ್ತಿದ್ದ, ಅವಳೂ ಇವತ್ತೇ ಬಿಡಬೇಕು. ಅವಳಿಗೆ ಬಾಕಿ ಇರಲಿಲ್ಲ, ಸಂಬಳ ಇತ್ತು, ಅಡ್ವಾನ್ಸಿಗೂ ಒಂದಷ್ಟು ಕೂಡಿಟ್ಟಿದ್ದಳು. ಇಲ್ಲದ್ದು ಗಂಡ. ಮನೆ ಕೇಳಲು ಹೋದಲ್ಲೆಲ್ಲ ಮೊದಲ ಪ್ರಶ್ನೆ ಅದೇ: ಗಂಡ ಏನು ಮಾಡುತ್ತಾರೆ? ದುಬೈಯಲ್ಲಿದ್ದಾರೆ ಎನ್ನುತ್ತಾಳೆ. ಎರಡನೆಯ ಪ್ರಶ್ನೆ: ಗಂಡ ದುಬೈಯಲ್ಲಿದ್ದರೆ ಕುತ್ತಿಗೆಯಲ್ಲಿ ಚಿನ್ನ ಎಲ್ಲಿ? ಅಲ್ಲಿಗೆ ಮನೆ ಹೋಗುತ್ತದೆ. ಮಾಮ ಇನ್ನೂ ಕೇಳಿರಲಿಲ್ಲ, ಈಗ ಕೆಳಗೆ ಹೋದರೆ ಕೇಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಅವಳು ಏಳದೆ ಕೂತಿದ್ದಳು.

ಒಳಗಿನಿಂದ ಅತ್ತೆ, ಮಗು ಎಷ್ಟನೇ ಕ್ಲಾಸು ಎಂದು ಕನ್ನಡದಲ್ಲಿ ಕೇಳಿದರು. ಅವಳು ಮೂರನೇ ಕ್ಲಾಸು ಎಂದು ತಮಿಳಿನಲ್ಲಿ ಹೇಳಿದಳು. ಇಬ್ಬರೂ ಸ್ವಲ್ಪ ಹೊತ್ತು ಹಾಗೆಯೇ ಅವರವರ ಭಾಷೆಯಲ್ಲಿ ಮಾತಾಡಿಕೊಂಡರು. ನಾನೊಬ್ಬಳು ನಡುವೆ ಇದ್ದೇನೆ ಎಂಬುದು ಅವರಿಗೆ ಮರೆತೇ ಹೋಗಿತ್ತು. ಆಮೇಲೆ ಅತ್ತೆ ನನ್ನ ಕಡೆ ತಿರುಗಿ, ಮುಂದಿನ ರೂಮು ಸುಮ್ಮನೆ ಬಿದ್ದಿದೆ, ಅದಕ್ಕೆ ಮೆಟ್ಟಿಲ ಕಡೆಯಿಂದ ಬೇರೆ ಬಾಗಿಲೂ ಇದೆ ಎಂದರು.

ಅರ್ಥವಾಗಲಿಲ್ಲ ಎಂಬಂತೆ ನಟಿಸಿದೆ. ಚೆನ್ನಾಗಿಯೇ ಅರ್ಥವಾಗಿತ್ತು. ಇನ್ನೊಬ್ಬಳು ಹೆಂಗಸು, ಇನ್ನೊಂದು ಒಲೆ; ಯಾವ ಮೈಸೂರಿಗೆ ಹೆದರಿ ಇಷ್ಟೆಲ್ಲ ಆಟ ಆಡಿದೆನೋ ಆ ಮೈಸೂರು ಕ್ರೋಂಪೇಟೆಯ ಟ್ರೈನ್ ಹತ್ತಿ ನಮ್ಮ ಮನೆಗೇ ಬಂದಿಳಿಯುವಂತಿತ್ತು. ಅವಳು ನನ್ನ ಮುಖ ನೋಡಿಯೇ ಹೇಳಿದಳು, ನನ್ನ ಹತ್ತಿರ ಸ್ಟವ್ ಇದೆ, ಬಾಲ್ಕನಿಯಲ್ಲಿ ಇಟ್ಟುಕೊಳ್ಳುತ್ತೇನೆ, ನಿಮ್ಮ ಅಡುಗೆಮನೆ ನನಗೆ ಬೇಡ. ಮೀನು ಮಾಂಸ ಆಫೀಸಿನ ಹತ್ತಿರದ ಹೋಟೆಲಿನಲ್ಲಿ ತಿಂದುಕೊಳ್ಳುತ್ತೇನೆ, ಇಲ್ಲಿ ತರುವುದಿಲ್ಲ. ಯಾರೂ ಕೇಳುವ ಮೊದಲೇ ಅವಳು ಅದನ್ನು ಹೇಳಿದ್ದು ಕೇಳಿ ನನಗೆ ನಾಚಿಕೆಯಾಯಿತು. ಎಷ್ಟು ಬಾಗಿಲುಗಳಲ್ಲಿ ಹೇಳಿ ಹೇಳಿ ಆ ಮಾತು ಅಷ್ಟು ನಯವಾಗಿತ್ತೋ. ಹೂಂ ಎಂದುಬಿಟ್ಟೆ.

ಲೆಕ್ಕ ಸುಲಭವಾಗಿತ್ತು. ಅವಳು ರೂಮಿಗೆಂದು ತಿಂಗಳಿಗೆ ಅರ್ಧ ಬಾಡಿಗೆ ಕೊಡುತ್ತಾಳೆ, ಅದು ನೇರ ಮಾಮನ ಕೈಗೆ ಹೋಗುತ್ತದೆ. ಮಿಕ್ಕ ಅರ್ಧವನ್ನೂ ಹಳೆಯ ಬಾಕಿಯನ್ನೂ ಮಾಮ ನಮ್ಮ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ. ಅವರು ಯಾರಿಗೂ ಏನೂ ವಾಪಸು ಕೊಡಬೇಕಾಗಿಲ್ಲ, ತಿಂಗಳು ತಿಂಗಳು ಕೈಗೆ ಕಾಸೂ ಬರುತ್ತದೆ. ನಾವು ಉಳಿಯುತ್ತೇವೆ. ಇವರು ಗಿಂಡಿಯಿಂದ ಬಂದ ಕೂಡಲೇ ಶೂ ಬಿಚ್ಚಲೂ ಬಿಡದೆ ವಿಷಯ ಹೇಳಿದೆ. ಮೊದಲು ಗಾಬರಿಯಾದರು, ಆಮೇಲೆ ಅವರ ಮುಖ ಬಹಳ ದಿನಗಳ ಮೇಲೆ ಸಡಿಲವಾಯಿತು. ಆದರೆ ಮಾತಾಡುವುದು ನೀನೇ ಎಂದರು.

ಕೆಳಗಿಳಿಯುವಾಗ ನಾನು ಆ ಹೆಂಗಸಿಗೆ ಪಾಠ ಹೇಳಿಕೊಟ್ಟೆ. ದುಬೈಯನ್ನು ಬಿಡಬೇಡ. ಚಿನ್ನ ಎಲ್ಲಿ ಎಂದರೆ ಲಾಕರಿನಲ್ಲಿ ಎನ್ನು. ನಮಗೆ ಎಷ್ಟೋ ವರ್ಷದ ಪರಿಚಯ ಎಂದು ನಾನು ಹೇಳುತ್ತೇನೆ, ನೀನು ತಲೆಯಾಡಿಸು. ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿದಳು.

ಮಾಮ ಲೆಕ್ಕವನ್ನು ಆಡಿಟ್ ಮಾಡುವ ಹಾಗೆಯೇ ಕೇಳಿದರು. ಎರಡು ಸಲ ಮತ್ತೆ ಹೇಳಿಸಿದರು. ಅವರ ಹಣೆಯ ಗಂಟು ಬಿಡುವುದನ್ನು ನಾನು ಕಣ್ಣಾರೆ ನೋಡಿದೆ. ನಮ್ಮ ಅಡ್ವಾನ್ಸ್ ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಗೆದ್ದೆ ಎಂದುಕೊಂಡೆ. ಆಗ ಬಾಗಿಲ ಸಂದಿಯಿಂದ ಮಾಮಿ ಈಚೆ ಬಂದರು. ಆ ಹೆಂಗಸಿನ ಕುತ್ತಿಗೆಯನ್ನೊಮ್ಮೆ ನೋಡಿ, ಮನೆಯವರು ಏನು ಮಾಡುತ್ತಾರೆ ಎಂದರು.

ದುಬೈಯಲ್ಲಿ ಎಂದಳು ಅವಳು. ನಾನು ಎಷ್ಟೋ ವರ್ಷದ ಪರಿಚಯವನ್ನು ಸೇರಿಸಿದೆ. ಯಾವಾಗ ಬರುತ್ತಾರೆ ಎಂದು ಮಾಮಿ ಕೇಳಿದರು. ದೀಪಾವಳಿಗೆ ಎಂದು ಶುರುಮಾಡಿದವಳು ಅರ್ಧಕ್ಕೆ ನಿಲ್ಲಿಸಿಬಿಟ್ಟಳು. ಬೆಳಗಿನಿಂದ ತಿರುಗಿ ಅವಳಿಗೆ ಸುಸ್ತಾಗಿತ್ತೋ, ಇಲ್ಲ ಆ ಸುಳ್ಳೇ ಸಾಕಾಗಿತ್ತೋ.

"ಬರಲ್ಲ ಮಾಮಿ," ಎಂದಳು. "ದುಬೈ ಎಲ್ಲ ಪೊಯ್ಯಿ. ತಾಂಬರಂನಲ್ಲೇ ಇದ್ದಾನೆ, ಇನ್ನೊಬ್ಬಳ ಜೊತೆ."

ಪೊಯ್ಯಿ ಎಂದರೆ ಸುಳ್ಳು. ತಾಂಬರಂ ಎಂದರೆ ಅಲ್ಲಿಂದ ಬಸ್ಸಿನಲ್ಲಿ ಐದಾರು ಸ್ಟಾಪು. ನನಗೆ ಅವಳ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಬಾಯಿ ಮುಚ್ಚಿಕೊಂಡಿದ್ದರೆ ಎರಡು ಸಂಸಾರ ಉಳಿಯುತ್ತಿತ್ತಲ್ಲ ಎಂದು ಹಲ್ಲು ಕಚ್ಚಿದೆ. ಮಾಮ ಕನ್ನಡಕ ತೆಗೆದು ಮಡಿಸಿದರು. ಸಂಸಾರಸ್ಥರು ಇರುವ ಜಾಗ, ಅದು ಸರಿಬರುವುದಿಲ್ಲ ಎಂದು ಯಥಾಪ್ರಕಾರ ಮೆತ್ತಗೆ ಹೇಳಿದರು. ಹಾಗಾದರೆ ನೀವೂ, ಎಂದು ನಮ್ಮ ಕಡೆ ತಿರುಗಿದರು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು. ಅತ್ತೆ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು, ಅಡ್ಡಡ್ಡವಾಗಿ ಇಳಿಯುತ್ತಿದ್ದರು. ಮಂಡಿನೋವಿನಿಂದ ಅವರು ಕೆಳಗಿಳಿದು ವರ್ಷವಾಗಿತ್ತು. ಮಾಮಿಯದೂ ಅದೇ ಮಂಡಿ, ಅವರು ಮೇಲೆ ಹತ್ತಿದವರಲ್ಲ. ಇಬ್ಬರೂ ಹಬ್ಬಹಬ್ಬಕ್ಕೆ ತಟ್ಟೆ ಕಳಿಸಿಕೊಂಡೇ ಸ್ನೇಹ ಇಟ್ಟುಕೊಂಡಿದ್ದರು. ಮಾಮಿ ಗಾಬರಿಯಿಂದ ಹೋಗಿ ಕೈ ಕೊಟ್ಟರು. ಅತ್ತೆ ಕೊನೆಯ ಮೆಟ್ಟಿಲ ಮೇಲೇ ಕೂತು ಉಸಿರು ಸುಧಾರಿಸಿಕೊಂಡರು. ಮೇಲಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು ಎಂದು ಕಾಣುತ್ತದೆ. ಮಾಮಿಯ ಕೈ ಬಿಡದೆ, ಅವರಿಗೆ ಬಂದ ನಾಲ್ಕು ತಮಿಳು ಶಬ್ದಗಳನ್ನೂ ಮರೆತು, ಶುದ್ಧ ಮೈಸೂರು ಕನ್ನಡದಲ್ಲಿ ಹೇಳಿದರು.

"ನಮ್ ಕಾಲ್ದಲ್ಲಿ ದುಬೈ ಇರ್ಲಿಲ್ಲಮ್ಮ. ನಾನು ಬೊಂಬಾಯಿ ಅಂತಿದ್ದೆ."

ನನಗೆ ತಕ್ಷಣ ತಿಳಿಯಲಿಲ್ಲ. ನಮ್ಮ ಮಾವನವರು ಬೊಂಬಾಯಿಯ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು, ಅಲ್ಲೇ ಜ್ವರ ಬಂದು ಹೋದರು ಎಂದು ನಾನು ಸೊಸೆಯಾಗಿ ಬಂದಾಗಿನಿಂದ ಕೇಳಿದ್ದೆ. ಇವರ ಕಡೆ ನೋಡಿದೆ. ಇವರು ತಲೆ ತಗ್ಗಿಸಿ ಮಾಮನ ಮನೆಯ ನೆಲದ ರೆಡ್ ಆಕ್ಸೈಡನ್ನೇ ನೋಡುತ್ತಿದ್ದರು. ಗೊತ್ತಿದ್ದವರು ಹಾಗೆ ನೋಡುತ್ತಾರೆ. ಅತ್ತೆ ಮುಂದುವರಿಸಿದರು: ಅಗ್ರಹಾರದಲ್ಲಿ ಎರಡು ಗಂಡು ಮಕ್ಕಳನ್ನು ಕಟ್ಟಿಕೊಂಡು ಮನೆ ಮನೆ ಸುತ್ತಿದ್ದು, ಕೊನೆಗೊಬ್ಬ ಮುದುಕಿ ಹಿತ್ತಿಲ ಕಡೆಯ ಕೋಣೆ ಕೊಟ್ಟದ್ದು. ಬೊಂಬಾಯಿ ಸುಳ್ಳೆಂದು ಆ ಮುದುಕಿಗೆ ಗೊತ್ತಿತ್ತಂತೆ. ಕೇಳಲಿಲ್ಲವಂತೆ. ಹುಡುಗರಿಗೆ ರಾತ್ರಿ ಹೊದೆಯಲು ಇದೆಯೇ ಎಂದಷ್ಟೇ ಕೇಳಿದಳಂತೆ.

ಮಾಮಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ದುಬೈ, ಬೊಂಬಾಯಿ ಎರಡಕ್ಕೂ ಅನುವಾದ ಬೇಕಿರಲಿಲ್ಲ. ಮಾಮಿ ಅತ್ತೆಯ ಕೈ ಹಿಡಿದುಕೊಂಡೇ ಆ ಹೆಂಗಸನ್ನು, ಮಗು ಈಗ ಎಲ್ಲಿದೆ ಎಂದು ಕೇಳಿದರು. ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಎಂದಳು. ಮಾಮಿ ಗಂಡನ ಕಡೆ ತಿರುಗಿ, ಬೆಳಗಾದರೆ ಆಡಿ ಹುಟ್ಟುತ್ತದೆ, ಆಮೇಲೆ ಕಾಲಿಡುವ ಹಾಗಿಲ್ಲ, ಇವತ್ತೇ ದೀಪ ಹಚ್ಚುವ ಹೊತ್ತಿಗೆ ಹಾಲು ಕಾಯಿಸಿಕೊಳ್ಳಲಿ ಎಂದರು. ಹಾಲು ಕಾಯಿಸಿದರೆ ಅಲ್ಲಿ ಗೃಹಪ್ರವೇಶವಾದಂತೆ. ಮಾಮ ಮತ್ತೆ ಕನ್ನಡಕ ಹಾಕಿಕೊಂಡರು. ಹಾಲನ್ನೂ ಮಾಮಿಯೇ ಕೊಟ್ಟರು.

ಆ ಕಾರ್ಖಾನೆ ಆಯುಧ ಪೂಜೆಗೂ ಸರಿಹೋಗಲಿಲ್ಲ, ಎಂದೂ ಸರಿಹೋಗಲಿಲ್ಲ. ಇವರಿಗೆ ವರ್ಷ ತಿರುಗುವುದರೊಳಗೆ ಅಂಬತ್ತೂರಿನಲ್ಲಿ ಬೇರೆ ಕೆಲಸ ಸಿಕ್ಕಿತು. ಆ ಹೆಂಗಸೂ ಅವಳ ಮಗಳೂ ಎರಡು ಸಾವಿರದ ಇಸವಿ ದಾಟಿದ ಮೇಲೂ ಬಹಳ ಕಾಲ ಮುಂದಿನ ರೂಮಿನಲ್ಲಿದ್ದರು. ಬಾಲ್ಕನಿಯ ಸ್ಟವ್ ಮೊದಲ ಮಳೆಗೇ ಒಳಗೆ ಬಂತು, ನನ್ನ ಅಡುಗೆಮನೆಗೇ ಬಂತು, ಅದರ ಜಗಳಗಳನ್ನು ಹೇಳಲು ಹೊರಟರೆ ಇನ್ನೊಂದು ಪುರಾಣವಾಗುತ್ತದೆ.

ಅವತ್ತು ಹಾಲು ಉಕ್ಕಿಸುವುದಕ್ಕೆ ಅತ್ತೆಯನ್ನು ಮೇಲೆ ಹತ್ತಿಸಿಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಅವರು ಕಂಬಿ ಹಿಡಿದರು, ನಾನು ಹಿಂದಿನಿಂದ ಸೊಂಟಕ್ಕೆ ಕೈ ಕೊಟ್ಟು ನೂಕಿದೆ. ನಡುಮೆಟ್ಟಿಲಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಪ್ರತಿವರ್ಷ ಮಾವನವರ ತಿಥಿ ಮಾಡುತ್ತೇವೆ, ಬೆಳಗಿನಿಂದ ಒದ್ದೆ ಸೀರೆಯಲ್ಲಿ ವಡೆ ಸುಡುವವಳು ನಾನು. ಬಿಟ್ಟುಹೋದವರು ಎಲ್ಲಿ, ಯಾವತ್ತು ಸತ್ತರೆಂದು ನಿಮಗೆ ಗೊತ್ತಾದದ್ದಾದರೂ ಹೇಗೆ ಅತ್ತೆ ಎಂದು ಕೇಳಿದೆ.

ಅತ್ತೆ ಇನ್ನೊಂದು ಮೆಟ್ಟಿಲು ಹತ್ತಿ ನಿಂತರು.

"ಸತ್ತಿದ್ ದಿನ ನಂಗೇನ್ ಗೊತ್ತೇ? ಬಿಟ್ಟುಹೋಗಿದ್ ದಿನ ಗೊತ್ತಿತ್ತು. ಅದನ್ನೇ ತಿಥಿ ಮಾಡ್ಕೊಂಡೆ," ಎಂದರು. "ನೂಕು, ಹಾಲು ಉಕ್ಕತ್ತೆ."